ಅರ್ಧ ಸೀರೆಯ ಕರಾರು

ಸೀರೆಗಳನ್ನು ಅಡ್ಡಕ್ಕೆ ಹರಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಾನು ಮಾಡಿದ್ದನ್ನಷ್ಟೇ ಕೇಳಿದವರು ನನ್ನನ್ನು ದೊಡ್ಡ ಧೈರ್ಯವಂತ ಅಂದುಕೊಳ್ಳುತ್ತಾರೆ, ಅದು ಬೇಡ. ರಾಯಚೂರಿನಲ್ಲಿ ಆರೋಗ್ಯ ಇಲಾಖೆಯ ನಮ್ಮ ತಂಡಕ್ಕೆಂದು ಬಾಡಿಗೆಗೆ ಹಿಡಿದಿದ್ದ ಮನೆಯ ಹಿಂದಿನ ಕೋಣೆಯಲ್ಲಿ ಕೋರಾ ಸೀರೆಗಳ ಗಂಟು ಬಿಚ್ಚಿದೆ. ಒಂದೊಂದನ್ನೂ ಎರಡಾಗಿ ಮಡಚಿ, ಮಡಿಕೆಯ ಮೇಲೆ ಕತ್ತರಿಯಿಂದ ಸ್ವಲ್ಪ ಸೀಳಿ, ಎರಡೂ ಕೈಯಿಂದ ಜಗ್ಗಿದೆ. ಒಂದರ್ಧ ಬಲಕ್ಕೆ, ಒಂದರ್ಧ ಎಡಕ್ಕೆ. ಪ್ರತಿ ತುಂಡಿನ ಮೂಲೆಗೂ ಕಚೇರಿಯ ನೇರಳೆ ಮುದ್ರೆ ಒತ್ತಿದೆ. ತಂಡದ ಮುಖ್ಯಸ್ಥರಾದ ಡಾಕ್ಟರರು ಬಾಗಿಲಲ್ಲಿ ನಿಂತು ಎರಡು ತುಂಡೂ ಸಮವಾಗಿವೆಯೇ ಅಂತ ನೋಡುತ್ತಿದ್ದರು.

ಮಹಾಯುದ್ಧ ಮುಗಿದಿತ್ತು, ಬಟ್ಟೆಯ ಮೇಲಿನ ಸರ್ಕಾರಿ ಕಂಟ್ರೋಲ್ ಮುಗಿದಿರಲಿಲ್ಲ. ರೇಷನ್ ಚೀಟಿ ಇದ್ದವರಿಗೇ ಸೀರೆ ಸಿಗುತ್ತಿರಲಿಲ್ಲ. ಚೀಟಿಯ ಮುಖವನ್ನೇ ಕಾಣದ ಕೇರಿಗಳಲ್ಲಿ ಅತ್ತೆ ಹೊರಗೆ ಹೋದರೆ ಸೊಸೆ ಬಾಗಿಲು ಹಾಕಿಕೊಂಡು ಒಳಗಿರಬೇಕು, ಸೊಸೆ ಕೂಲಿಗೆ ಹೋದರೆ ಅತ್ತೆ ಒಳಗೆ. ಮೈ ಮುಚ್ಚುವ ಸೀರೆ ಇಬ್ಬರಿಗೂ ಸೇರಿ ಒಂದೇ. ಡಾಕ್ಟರರಿಗೆ ಇದನ್ನು ಹೇಳಿದವನು ಯಾರು? ಅದೂ ನಾನೇ. "ಈ ಜನ ಏನು ಕೊಟ್ಟರೆ ಒಪ್ಪುತ್ತಾರೆ?" ಅಂತ ಅವರು ಕೇಳಿದಾಗ ಯೋಚನೆಯನ್ನೂ ಮಾಡದೆ "ಸೀರೆ" ಅಂದಿದ್ದೆ. ಅರ್ಧದ ಉಪಾಯ ಮಾತ್ರ ಅವರದು. ಇಡೀ ಸೀರೆ ಕೊಟ್ಟರೆ ಎರಡನೇ ತಿಂಗಳಿಗೇ ಕೈಕೊಡುತ್ತಾರೆ, ಅರ್ಧ ಈಗ ಕೊಡೋಣ, ಇನ್ನರ್ಧ ವರ್ಷ ತುಂಬಿದ ಮೇಲೆ, ಅಂದರು.

ಆ ಒಂದು ವರ್ಷದ ಕೆಲಸ ನಾರುಹುಣ್ಣಿನದು. ಈಗಿನವರಿಗೆ ನಾರು ಅಂದರೆ ಗೊತ್ತಿರಲಿಕ್ಕಿಲ್ಲ. ಮೆಟ್ಟಿಲ ಬಾವಿಗೆ ಇಳಿದು, ಹುಣ್ಣಿನ ಕಾಲನ್ನು ನೀರಲ್ಲಿಟ್ಟು ಕೊಡ ತುಂಬುತ್ತಾರೆ. ಹುಣ್ಣಿನೊಳಗಿನ ಹುಳು ನೀರಿಗೆ ಮರಿ ಬಿಡುತ್ತದೆ. ಆ ಮರಿಯನ್ನು ನೀರಲ್ಲಿರುವ ಸಾಸಿವೆಗಿಂತ ಸಣ್ಣ ಜೀವಿಯೊಂದು ನುಂಗುತ್ತದೆ, ಅದನ್ನು ನಾವು ನೀರಿನ ಜೊತೆ ಕುಡಿಯುತ್ತೇವೆ. ಹೆಚ್ಚುಕಮ್ಮಿ ವರ್ಷದ ನಂತರ ಮೊಳಕ್ಕಿಂತ ಉದ್ದದ ಬಿಳಿ ಹುಳು ಕಾಲು ಒಡೆದುಕೊಂಡು ಹೊರಗೆ ಬರುತ್ತದೆ. ದಿನಕ್ಕೊಂದು ಬೆರಳಷ್ಟು ಕಡ್ಡಿಗೆ ಸುತ್ತಿ ಎಳೆಯಬೇಕು. ನಡುವೆ ಹರಿಯಿತೋ, ಕಾಲು ಬಾತು ತಿಂಗಳುಗಟ್ಟಲೆ ನೆಲ ಹಿಡಿಯಬೇಕು. ನನ್ನ ಎಡಗಾಲಿನ ಹರಡಿನ ಮೇಲೆ ಇವತ್ತಿಗೂ ಮೂರು ಕಲೆಗಳಿವೆ. ನನ್ನ ತಾಯಿ ಚೀಕಲಪರ್ವಿಯವಳು, ಹೊಳೆಯ ನೀರು ಕುಡಿದು ಬೆಳೆದವಳು. ಮದುವೆಯಾಗಿ ಬಾವಿಯ ಊರಿಗೆ ಬಂದ ಮೇಲೆಯೇ ಅವಳು ನಾರು ಕಂಡದ್ದು.

ಬಟ್ಟೆಯಲ್ಲಿ ಸೋಸಿ ಕುಡಿದರೆ ನಾರು ಬರುವುದಿಲ್ಲ ಅಂತ ಡಾಕ್ಟರರಿಗೆ ಗೊತ್ತಿತ್ತು. ಆದರೆ ಮೇಲಿನ ಕಚೇರಿಗೆ ಪುಸ್ತಕದ ಮಾತು ಸಾಲದು. ನಮ್ಮ ನೆಲದಲ್ಲೇ ತೋರಿಸಿ, ಆಮೇಲೆ ಮೆಟ್ಟಿಲು ಮುಚ್ಚಿ ಸೇದುವ ಬಾವಿ ಮಾಡಲು ಹಣ ಕೊಡುವ ಮಾತು, ಅಂತ ಅವರು ಬರೆದಿದ್ದರು. ಅದಕ್ಕೆ ಎರಡು ಗುಂಪು. ಮಾನವಿಯ ಕಡೆ, ಪೋತ್ನಾಳದ ಆಚೆಯ ಒಂದು ಹಳ್ಳಿಯವರು ಸೋಸಿ ಕುಡಿಯುವವರು. ದೇವದುರ್ಗದ ಕಡೆಯ ಒಂದು ಕೇರಿಯವರು ಇದ್ದ ಹಾಗೇ ಕುಡಿಯುವವರು. ಮುಂದಿನ ಬೇಸಿಗೆಯಲ್ಲಿ ಯಾರ ಕಾಲಲ್ಲಿ ಎಷ್ಟು ನಾರು ಬಂತು ನೋಡಿ ಹೋಲಿಸುವುದು.

ಮಾನವಿ ಕಡೆಯವರು ಹೊಲಮನೆ ಇದ್ದ ಲಿಂಗವಂತರು. ಅವರ ಮನೆಗಳಲ್ಲಿ ಸೋಸದ ನೀರು ಒಲೆಯ ಹತ್ತಿರವೂ ಬರುತ್ತಿರಲಿಲ್ಲ, ಸೋಸಲು ನಾವು ಕೊಟ್ಟ ಬಟ್ಟೆ ಅವರಿಗೊಂದು ಹೆಚ್ಚಿನ ಬಟ್ಟೆ ಅಷ್ಟೆ. ಆ ಗೌಡರ ಪಡಸಾಲೆಯಲ್ಲಿ ನಿಂತು "ಒಂದು ವರ್ಷ ಸೋಸಬೇಡಿ" ಅನ್ನುವ ಎದೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅನ್ನಬಹುದಾದ ಜಾಗ ಹುಡುಕಿಕೊಂಡು ಕೇರಿಗೆ ಹೋದೆವು. ಕೇರಿಯೊಳಗೆ ಕಾಲಿಡಲು ತಂಡದ ಉಳಿದವರು ಹಿಂದೆಮುಂದೆ ನೋಡುತ್ತಿದ್ದರು. ನಾನು ಅಂಥದ್ದೇ ಕೇರಿಯಲ್ಲಿ ಹುಟ್ಟಿ, ಪಾದ್ರಿಗಳ ಶಾಲೆಯಲ್ಲಿ ಕಲಿತು ಕಂಪೌಂಡರ್ ಆದವನು. ನನ್ನನ್ನು ಈ ಕೆಲಸಕ್ಕೆ ಆರಿಸಿದ್ದೇ ಅದಕ್ಕೆ.

ಡಾಕ್ಟರರು ಕೆಟ್ಟವರಲ್ಲ. ಉರ್ದುವಿನಲ್ಲಿ ಮಾತಾಡುತ್ತಿದ್ದರು, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ನಾವು ಹೋಗದಿದ್ದರೂ ಅವರು ಅದೇ ನೀರು ಕುಡಿಯುತ್ತಿದ್ದರು. ನಾವು ಹೋದದ್ದಕ್ಕೆ ಒಂದು ಸೀರೆಯಾದರೂ ಸಿಗುತ್ತದೆ. ಇದರಲ್ಲಿ ಅವರಿಗೆ ಏನು ನಷ್ಟ?" ಅಂದರು. ಆ ದಿನ ಏನೋ ಸರಿ ಇಲ್ಲ ಅಂತ ಅನಿಸುತ್ತಿತ್ತು, ಅಷ್ಟೆ. ಸರ್ಕಾರಿ ನೌಕರಿಯ ಆಸೆ ಅದನ್ನು ಮುಚ್ಚಿಹಾಕಿತು.

ಯುಗಾದಿ ಮುಗಿದ ವಾರ ಇದ್ದಿಲು ಉರಿಸಿ ಓಡಿಸುವ ಬಸ್ಸಿನಲ್ಲಿ ದೇವದುರ್ಗಕ್ಕೆ ಹೋಗಿ, ಅಲ್ಲಿಂದ ಸೈಕಲ್ಲಿನಲ್ಲಿ ಕೇರಿ ಮುಟ್ಟಿದೆ. ಬೇವಿನ ಮರದ ಕೆಳಗೆ ಜನರನ್ನು ಕೂಡಿಸಿ, ಉರ್ದುವಿನಲ್ಲಿದ್ದ ಕರಾರಿನ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದೆ. ಒಂದು ವರ್ಷ ನೀರಿನ ರೂಢಿ ಬದಲಿಸಬಾರದು. ತಿಂಗಳಿಗೊಮ್ಮೆ ಕಾಲು ತೋರಿಸಬೇಕು. ಗಡಿಗೆಯ ನೀರು ತೋರಿಸಬೇಕು. ನಡುವೆ ಒಂದು ಸಾಲು ಇತ್ತು: ಈ ನೀರಿನಿಂದ ನಾರು ಬರುತ್ತದೆಂದು ಇಲಾಖೆ ನಂಬಿದೆ. ಅದನ್ನು ಓದಬೇಡ ಅಂದಿದ್ದರು ಡಾಕ್ಟರರು. ತಿಳಿದರೆ ನಾಳೆಯೇ ಸೋಸುತ್ತಾರೆ, ಆಮೇಲೆ ನಾವು ಎಣಿಸುವುದೇನು? ನಾನು ಆ ಸಾಲನ್ನು ನುಂಗಿ ಮುಂದಿನದಕ್ಕೆ ಹೋದೆ. ಕೇಳುವವರಿಗೆ ಗೊತ್ತಾಗಲಿಲ್ಲ.

ಮೊದಲು ಎದ್ದು ಬಂದವಳು ತುದಿಮನೆಯ ಮುದುಕಿ. ಮಗ ಗುಂತಕಲ್ಲಿನ ಕಡೆ ರೈಲ್ವೆ ಕೂಲಿಗೆ ಹೋಗಿದ್ದ, ಮನೆಯಲ್ಲಿ ಅವಳು ಮತ್ತು ಬಸುರಿ ಸೊಸೆ. ಅರ್ಧ ಸೀರೆಯನ್ನು ಬಿಡಿಸಿ ಹರಿದ ಅಂಚನ್ನು ಬೆರಳಲ್ಲಿ ಸವರಿದಳು.

"ಇನ್ನರ್ಧ ಎಲ್ಲದ ಯಪ್ಪಾ?"

"ಪೆಟ್ಟಿಗ್ಯಾಗ ಅದ ಯವ್ವಾ. ನಿನ್ನ ಹೆಸರ ಬರದು ಇಟ್ಟೀವಿ. ವರ್ಷ ತುಂಬಿದ ಮ್ಯಾಲ ಕೊಡ್ತೀವಿ."

"ಹೊಸಾ ಅರಿವಿ ಅಡ್ಡ ಹರಿಯೂದು ಹೆಣದ ಮನ್ಯಾಗ. ಇದನ್ನ ಮೈಮ್ಯಾಲ ಹ್ಯಾಂಗ ಹಾಕ್ಕೊಳ್ಳೂದು?"

"ಜೋಡಿ ಬಂದ ಮ್ಯಾಲ ಹೊಲದು ಉಡು ಯವ್ವಾ."

"ಅಲ್ಲೀತನಾ?"

ನಾನು ಮಸಿಯ ತಟ್ಟೆ ಮುಂದಿಟ್ಟೆ. ಅವಳು ಮಸಿ ಹಚ್ಚಿದ ಹೆಬ್ಬೆರಳನ್ನು ಕಾಗದದ ಮೇಲೆ ಒತ್ತಿದಳು. ಉಳಿದವರೂ ಸಾಲಾಗಿ ಬಂದು ಒತ್ತಿದರು.

ಕೆಲಸದ ಕ್ರಮ ಹೀಗಿತ್ತು. ಮನೆಯೊಳಗೆ ಹೋಗಿ, ಕುಡಿಯುವ ಗಡಿಗೆಯಿಂದ ಒಂದು ಚೊಂಬು ನೀರನ್ನು ಸಣ್ಣ ರೇಷ್ಮೆ ಬಟ್ಟೆಯಲ್ಲಿ ಸೋಸುವುದು. ಬಟ್ಟೆಯನ್ನು ಬೋರಲು ಮಾಡಿ ಗಾಜಿನ ಬಟ್ಟಲಿನಲ್ಲಿ ತೊಳೆಯುವುದು. ಬಟ್ಟಲನ್ನು ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಆ ಸಣ್ಣ ಜೀವಿಗಳು ಬಿಳಿ ಚುಕ್ಕಿಗಳಾಗಿ ಕುಪ್ಪಳಿಸುವುದು ಕಾಣುತ್ತದೆ. ಎಣಿಸಿ ಬರೆಯುವುದು. ಆಮೇಲೆ ಮನೆಯವರ ಕಾಲು ನೋಡುವುದು, ಆಗಲೇ ನಾರು ಬಂದವರಿದ್ದರೆ ಒದ್ದೆ ಪಟ್ಟಿ ಕಟ್ಟಿ ಕಡ್ಡಿಗೆ ಸುತ್ತುವುದು. ಬಿಸಿಲಲ್ಲಿ ಗಂಟಲು ಒಣಗಿದಾಗ ನಾನು ಹೆಗಲ ಚೀಲದಿಂದ ಕಾಯಿಸಿದ ನೀರಿನ ಬಾಟಲಿ ತೆಗೆದು ಕುಡಿಯುತ್ತಿದ್ದೆ. ಅವರು ಚೊಂಬು ಮುಂದೆ ಹಿಡಿದರೆ "ಈಗ ಬ್ಯಾಡ" ಅನ್ನುತ್ತಿದ್ದೆ. ಇದು ನನಗೆ ಒಂದು ದೊಡ್ಡ ಸಂಗತಿ ಅನಿಸಿರಲೇ ಇಲ್ಲ.

ಮೊದಲ ಎರಡು ಸಲ ಗಡಿಗೆಗಳ ತುಂಬ ಚುಕ್ಕಿಗಳಿದ್ದವು. ಮೂರನೇ ತಿಂಗಳು ಮೊದಲ ಮನೆಯ ಬಟ್ಟಲಲ್ಲಿ ಏನೂ ಕಾಣಲಿಲ್ಲ. ಎರಡನೇ ಮನೆಯಲ್ಲೂ ಇಲ್ಲ. ನನ್ನ ರೇಷ್ಮೆ ಬಟ್ಟೆಯೇ ಎಲ್ಲೋ ತೂತಾಗಿದೆ ಅಂದುಕೊಂಡು ಬದಲಿ ಬಟ್ಟೆ ತೆಗೆದೆ. ಆಗಲೂ ಇಲ್ಲ. ಭೂತಗನ್ನಡಿಯನ್ನು ಅಂಗಿಯಲ್ಲಿ ಒರೆಸಿ ಒರೆಸಿ ನೋಡಿದೆ. ಬಾವಿಯೇ ಬದಲಾಯಿತೋ ಏನೋ ಅಂತ ಮೆಟ್ಟಿಲಿಳಿದು ಅಲ್ಲಿಯ ನೀರು ಸೋಸಿದರೆ, ಬಟ್ಟಲ ತುಂಬ ಚುಕ್ಕಿ. ತಲೆ ಕೆಟ್ಟುಹೋಯಿತು. ಬಾವಿಯಲ್ಲಿರುವುದು ಗಡಿಗೆಗೆ ಬರುವ ದಾರಿಯಲ್ಲಿ ಎಲ್ಲಿ ಹೋಗುತ್ತದೆ?

ತುದಿಮನೆಯಲ್ಲಿ ಉತ್ತರ ಸಿಕ್ಕಿತು. ಒಳಗಿನ ಗಡಿಗೆಯ ಬಾಯಿಗೆ ಕೋರಾ ಬಟ್ಟೆಯೊಂದನ್ನು ನಾಲ್ಕು ಮಡಿಕೆ ಮಾಡಿ ಬಿಗಿದು ಕಟ್ಟಿತ್ತು. ಇಳಿಬಿದ್ದ ಮೂಲೆಯಲ್ಲಿ ನಮ್ಮ ಕಚೇರಿಯ ನೇರಳೆ ಮುದ್ರೆ.

"ಯವ್ವಾ, ಇದೇನು?"

"ನಿಮ್ಮ ಅರ್ಧ ಸೀರಿ. ಉಡಾಕ ಬರಂಗಿಲ್ಲ, ಹಾಸಾಕ ಸಣ್ಣದು. ನೀರರ ಸೋಸೂಣ ಅಂತ ಕಟ್ಟೀನಿ. ಕೇರ್ಯಾಗ ಎಲ್ಲಾರೂ ಕಟ್ಯಾರ."

"ಸೋಸಬೇಕಂತ ಯಾರ್ ಹೇಳಿದ್ರು?"

"ನೀನಽ."

"ನಾ ಎಲ್ಲಿ ಹೇಳೀನಿ?"

"ಬಾಯಿಲೆ ಹೇಳಿಲ್ಲ. ಬಂದಾಗೊಮ್ಮೆ ನಮ್ಮ ನೀರ ಸೋಸಿ ನೋಡ್ತಿ. ನೋಡಿ ಮಾರಿ ಸಣ್ಣದ ಮಾಡ್ತಿ. ಬ್ಯಾಸಿಗ್ಯಾಗ ಬಾಯಿ ಒಣಗಿ ಸಾಯಾಕತ್ತಿದ್ರೂ ನಮ್ಮ ಚೊಂಬು ಮುಟ್ಟಂಗಿಲ್ಲ. ಊರನವರು ಮುಟ್ಟಂಗಿಲ್ಲ, ಅದರ ಕಾರಣ ನಮ್ಗ ಗೊತ್ತದ. ನೀ ನಮ್ಮವ. ನಮ್ಮವ ನಮ್ಮ ನೀರು ಕುಡಿಯಂಗಿಲ್ಲ ಅಂದ್ರ ನೀರಾಗ ಏನೋ ಅದ ಅಂತ ತಿಳಿಯಂಗಿಲ್ಲೇನು?"

ಮೈಯೆಲ್ಲ ನಾಚಿಕೆಯಾಯಿತು. ಆ ನಾಚಿಕೆ ಇವತ್ತಿಗೂ ಪೂರ್ತಿ ಹೋಗಿಲ್ಲ. ನಾನು ಕಂಕುಳಲ್ಲಿ ಹಿಡಿದ ಲೆಕ್ಕದ ದಫ್ತರವನ್ನು ಅವಳು ನೋಡಿದಳು.

"ಸೋಸ್ತೀವಿ ಅಂತ ಅದರಾಗ ಬರೀತಿ ಏನು?"

"ಇದ್ದದ್ದು ಬರೀಬೇಕಲ್ಲ ಯವ್ವಾ."

"ಬರದ್ರ ಇನ್ನರ್ಧ ಬರಂಗಿಲ್ಲ. ಹೌದಲ್ಲೋ?"

ಒಳಕೋಣೆಯ ಮುಚ್ಚಿದ ಬಾಗಿಲ ಹಿಂದಿನಿಂದ ಸೊಸೆಯ ದನಿ ಬಂತು. ಇದ್ದ ಒಂದೇ ಸೀರೆಯನ್ನು ಅತ್ತೆ ಉಟ್ಟಿದ್ದರಿಂದ ಅವಳು ಹೊರಗೆ ಬರುವ ಹಾಗಿರಲಿಲ್ಲ.

"ಅತ್ತೀ, ಅರಿವಿ ಬಿಚ್ಚಿಬಿಡು. ನನಗ ಸೀರಿ ಬೇಕು. ಕೂಸು ಹುಟ್ಟಿದ ಮ್ಯಾಲೂ ನಾ ಹಿಂಗಽ ಕತ್ತಲಾಗ ಕುಂದರ್ಲೇನು? ನೀರ ಹ್ಯಾಂಗಿದ್ರೂ ಕುಡಿತೀನಿ."

ಡಾಕ್ಟರರ ಪ್ರಶ್ನೆಗೆ ಉತ್ತರ ನನಗೆ ಅಲ್ಲಿ ಸಿಕ್ಕಿತು. ನಾವು ಬರುವ ಮೊದಲು ಈ ಹೆಣ್ಣುಮಗಳು ಗೊತ್ತಿಲ್ಲದೆ ಆ ನೀರು ಕುಡಿಯುತ್ತಿದ್ದಳು. ಈಗ ಗೊತ್ತಿದ್ದೂ ಕುಡಿಯುತ್ತೇನೆ ಅನ್ನುತ್ತಿದ್ದಾಳೆ, ನಮ್ಮ ಅರ್ಧ ಸೀರೆಗಾಗಿ. ನಷ್ಟ ಏನು ಅಂದಿದ್ದರಲ್ಲ, ನಷ್ಟ ಇದು. ನನಗೆ ಸಿಟ್ಟು ಬಂತು. ಡಾಕ್ಟರರ ಮೇಲೆ, ಮೇಲಿನ ಕಚೇರಿಯ ಮೇಲೆ, ಎಲ್ಲಕ್ಕಿಂತ ಹೆಚ್ಚು ಕತ್ತರಿ ಹಿಡಿದ ನನ್ನ ಕೈಯ ಮೇಲೆ.

"ಅರಿವಿ ಬಿಚ್ಚಬ್ಯಾಡ್ರಿ, ಎರಡು ದಿನ ತಡೀರಿ," ಅಂದು ದೇವದುರ್ಗಕ್ಕೆ ವಾಪಸ್ಸಾದೆ. ಎರಡನೇ ಅರ್ಧಗಳ ಪೆಟ್ಟಿಗೆ ಅಲ್ಲಿ ನಾವು ಇಳಿದುಕೊಳ್ಳುತ್ತಿದ್ದ ಕೋಣೆಯಲ್ಲೇ ಇತ್ತು, ಬೀಗದ ಕೈ ನನ್ನ ಹತ್ತಿರ. ಡಾಕ್ಟರರು ತಪಾಸಣೆಗೆ ಬರುವುದು ಆ ವಾರವೇ ಇತ್ತು. ನನಗಿದ್ದ ದಾರಿಗಳನ್ನು ಲೆಕ್ಕ ಹಾಕಿದೆ. ಸೋಸುತ್ತಿಲ್ಲ ಅಂತ ಸುಳ್ಳು ಬರೆದರೆ ಅವರಿಗೆ ಸೀರೆ ಸಿಗುತ್ತದೆ. ಆದರೆ ಮುಂದಿನ ಬೇಸಿಗೆಯಲ್ಲಿ ಎರಡೂ ಗುಂಪಿಗೆ ನಾರು ಬರಲಿಲ್ಲ ಅಂತ ಆಗಿ, ಸೋಸುವುದರಿಂದ ಏನೂ ಉಪಯೋಗವಿಲ್ಲ ಅಂತ ಮೇಲಿನವರು ಬಾವಿಯ ಕಾಗದಗಳನ್ನೇ ಕಟ್ಟಿಡುತ್ತಾರೆ. ನಿಜ ಬರೆದು ಸುಮ್ಮನಿದ್ದರೆ ಸೀರೆ ಹೋಗುತ್ತದೆ, ಇಲ್ಲವೇ ಸೊಸೆ ಹೇಳಿದ ಹಾಗೆ ಬಟ್ಟೆ ಬಿಚ್ಚುತ್ತಾರೆ. ಎರಡಕ್ಕೂ ನನ್ನ ಮನಸ್ಸು ಒಗ್ಗಲಿಲ್ಲ.

ಮೂರನೇ ದಿನ ಮುಂಜಾನೆ ಬಂಡಿಯೊಂದನ್ನು ಗೊತ್ತುಮಾಡಿ ಪೆಟ್ಟಿಗೆ ಏರಿಸಿದೆ.

ಬೇವಿನ ಮರದ ಕೆಳಗೆ ಮತ್ತೆ ಜನ ಕೂಡಿದರು. ಮೊದಲು ಬಾವಿಯ ನೀರು ಸೋಸಿ ಬಟ್ಟಲನ್ನು ಬಿಸಿಲಿಗಿಟ್ಟು, ಭೂತಗನ್ನಡಿಯನ್ನು ಕೈಯಿಂದ ಕೈಗೆ ಕೊಟ್ಟೆ. ಕುಪ್ಪಳಿಸುವ ಚುಕ್ಕಿಗಳನ್ನು ಎಲ್ಲರೂ ನೋಡಿದರು. ಆಮೇಲೆ ಕರಾರಿನ ಕಾಗದ ತೆಗೆದು, ನುಂಗಿದ್ದ ಸಾಲನ್ನು ಗಟ್ಟಿಯಾಗಿ ಓದಿದೆ. ಈ ನೀರಿನಿಂದ ನಾರು ಬರುತ್ತದೆ. ಇದು ನನಗೆ ಮೊದಲ ದಿನವೇ ಗೊತ್ತಿತ್ತು, ಹೇಳಲಿಲ್ಲ, ಅಂದೆ.

ಯಾರೂ ನನ್ನನ್ನು ಹೊಗಳಲಿಲ್ಲ. ಹಿಂದಿನ ವರ್ಷ ನಾರು ಹರಿದು ಕಾಲು ಸೊಟ್ಟಗಾಗಿದ್ದ ಒಬ್ಬಾತ ಕೋಲೂರಿ ಮುಂದೆ ಬಂದ.

"ಮೂರು ತಿಂಗಳ ಬಾಯಾಗ ಏನ್ ಇಟ್ಟುಕೊಂಡಿದ್ದಿಲೇ?"

"ನೌಕರಿ," ಅಂದೆ. ಬೇರೆ ನಿಜ ಇರಲಿಲ್ಲ.

ಅವನು ಉಗುಳಿ ಹೋಗಿ ಕುಳಿತ. ನಾನು ಪೆಟ್ಟಿಗೆ ತೆಗೆದು ಹೆಸರು ಕೂಗಿ ಎರಡನೇ ಅರ್ಧಗಳನ್ನು ಹಂಚಿದೆ. ತುದಿಮನೆಯ ಮುದುಕಿ ತುಂಡನ್ನು ಎದೆಗವಚಿ ಹಿಡಿದು, "ಇದಕ್ಕೇನ್ ಕರಾರು?" ಅಂದಳು. "ಏನೂ ಇಲ್ಲಬೇ. ಇನ್ನ ನೀರ ಸೋಸು, ಸೀರಿ ಹೊಲದು ಉಡು, ಗಡಿಗಿಗೆ ಬೇರೆ ಹರಕ ಅರಿವಿ ಕಟ್ಟು," ಅಂದೆ. ನಕ್ಕಳು. ಆ ಮೂರು ತಿಂಗಳಲ್ಲಿ ಅವಳು ನಕ್ಕದ್ದನ್ನು ನೋಡಿದ್ದು ಅದೇ ಮೊದಲು. ಅವತ್ತು ಅವಳು ಸೋಸಿದ ನೀರಿನ ಚೊಂಬು ತಂದುಕೊಟ್ಟಳು, ಗಟಗಟ ಕುಡಿದೆ.

ಡಾಕ್ಟರರು ಎರಡು ದಿನ ಬಿಟ್ಟು ಬಂದರು. ಅಷ್ಟರಲ್ಲಿ ನಾನು ದಫ್ತರದಲ್ಲಿ ಕನ್ನಡದಲ್ಲೇ ಬರೆದಿದ್ದೆ: ಇಲ್ಲಿ ಎಲ್ಲ ಮನೆಗಳವರೂ ನೀರು ಸೋಸಿ ಕುಡಿಯುತ್ತಿದ್ದಾರೆ, ಕಾರಣವನ್ನು ಇವರಿಗೆ ನಾನು ತಿಳಿಸಿದ್ದೇನೆ, ಎರಡನೇ ಅರ್ಧಗಳನ್ನು ಕೊಟ್ಟಿದ್ದೇನೆ, ಈ ಗುಂಪು ಇವತ್ತಿಗೆ ಮುಗಿಯಿತು. ಕೆಳಗೆ ಸಹಿ. ಅದನ್ನು ಓದಿಸಿಕೊಂಡ ಮೇಲೆ ಅವರು ಮೆಲುದನಿಯಲ್ಲೇ ಮಾತಾಡಿದರು. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ಈ ಇಡೀ ತಾಲೂಕಿನ ಬಾವಿಗಳು ನಿನ್ನಿಂದ ಹಿಂದೆ ಬಿದ್ದವು. ಎಷ್ಟು ಕಾಲುಗಳ ಪಾಪ ಕಟ್ಟಿಕೊಂಡೆ ಗೊತ್ತಾ?"

"ಇರಬಹುದು ಸಾಹೇಬ್. ಆದರೆ ಬಾವಿ ಕಟ್ಟಿಸಲು ಒಂದಿಷ್ಟು ಕಾಲುಗಳನ್ನು ಕೊಡಲೇಬೇಕು ಅಂದರೆ, ಮೇಲಿನ ಕಚೇರಿಯವರು ತಮ್ಮ ಕಾಲು ಕೊಡಲಿ."

"ಯಾರ ಮೇಲೂ ಬಲವಂತ ಮಾಡಿಲ್ಲ. ಹೆಬ್ಬೆಟ್ಟು ಒತ್ತಿದ್ದಾರೆ. ಅವರಾಗಿಯೇ."

"ಮಾನವಿಯ ಗೌಡರ ಮುಂದೆ ಇದೇ ಕಾಗದ, ಇದೇ ಅರ್ಧ ಸೀರೆ ಇಡೋಣ ಬನ್ನಿ. ಅವರೂ ಅವರಾಗಿಯೇ ಒತ್ತಿದರೆ ನಾನು ನಿಮ್ಮ ಕಾಲಿಗೆ ಬೀಳುತ್ತೇನೆ."

ಪೆಟ್ಟಿಗೆಯ ಬೀಗದ ಕೈ ಮೇಜಿನ ಮೇಲಿಟ್ಟು ಹೊರಬಿದ್ದೆ. ರಾಯಚೂರಿಗೆ ಬಂದ ಎಂಟು ದಿನದಲ್ಲಿ ನೌಕರಿಯಿಂದ ತೆಗೆದ ಕಾಗದ ಕೈಸೇರಿತು.

ಮುಂದಿನ ವರ್ಷ ಶೇಂಗಾ ಮಿಲ್ಲೊಂದರಲ್ಲಿ ಚೀಲ ತೂಗುತ್ತಿದ್ದೆ. ಹೆಂಡತಿ ಬೈಯುವುದನ್ನು ಬಿಟ್ಟು ಅಳುವುದಕ್ಕೆ ಶುರುಮಾಡಿದ್ದಳು. ಅಂಥ ಹೊತ್ತಿನಲ್ಲಿ ಡಾಕ್ಟರರ ಚೀಟಿ ಬಂತು. ಅವರೇ ಕ್ಷಮಾಪಣೆಯ ಅರ್ಜಿ ಬರೆಸಿ ಕಳಿಸಿದ್ದರು. ಕರಾರಿನ ಸಾಲನ್ನು ಜನರಿಗೆ ತಿಳಿಸಿದ್ದು ನನ್ನ ತಪ್ಪು, ಇನ್ನು ಮುಂದೆ ಹಾಗೆ ಮಾಡುವುದಿಲ್ಲ, ಅಂತ ಒಪ್ಪಿ ಸಹಿ ಹಾಕಿದರೆ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ದೇವದುರ್ಗಕ್ಕೆ ಬಂದು ತಂಡದ ಗುಮಾಸ್ತನ ಕೈಗೆ ಕೊಡಬೇಕು. ಸಹಿ ಹಾಕುವ ಮನಸ್ಸಿನಿಂದಲೇ ಹೊರಟೆ. ಸುಳ್ಳು ಯಾಕೆ ಹೇಳಲಿ, ನನಗೆ ಆ ನೌಕರಿ ಬೇಕಾಗಿತ್ತು.

ಗುಮಾಸ್ತನಲ್ಲಿಗೆ ಹೋಗುವ ಮೊದಲು ಕೇರಿಗೆ ಹೋದೆ. ತುದಿಮನೆಯ ಮುಂದೆ ಸೊಸೆ ಬಿಸಿಲಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಅವಳ ಮುಖವನ್ನು ನಾನು ನೋಡಿದ್ದು ಅವತ್ತೇ. ಮೈಮೇಲೆ ಕೋರಾ ಸೀರೆ ಇತ್ತು, ನಡುವೆ ದಪ್ಪ ಹೊಲಿಗೆ. ಮುದುಕಿ ಗೋಡೆಗೊರಗಿ ಕಾಲು ಚಾಚಿ ಕುಳಿತಿದ್ದಳು. ಹಿಮ್ಮಡಿಯ ಮೇಲೆ ಹುಣ್ಣು, ಅದರಿಂದ ಹೊರಟ ಬಿಳಿ ಎಳೆ, ಎಳೆಯ ತುದಿಯಲ್ಲಿ ಸುತ್ತಿದ ಕಡ್ಡಿ.

ನಾನು ಬೆರಳು ಮಡಚಿ ತಿಂಗಳು ಎಣಿಸಿದೆ.

"ಲೆಕ್ಕ ಮಾಡಬ್ಯಾಡ, ನಾ ಮಾಡೀನಿ," ಅಂದಳು. "ಇದು ಆಗಿಂದಽ ಅಲ್ಲ? ನೀ ಸುಮ್ಮ ಇದ್ದಾಗಿಂದು?"

"ಹೌದು ಯವ್ವಾ."

"ಸೊಸಿಗೆ ಬಂದಿಲ್ಲ. ನಂದೊಂದಽ. ಇನ್ನ ಮುಂದ ಬರಂಗಿಲ್ಲಲ್ಲ?"

"ಬರಂಗಿಲ್ಲ."

"ಹಂಗಾರ ಕಡ್ಡಿ ಹಿಡಿ ಬಾ. ನನಗ ಬಗ್ಗಾಕ ಆಗವಲ್ದು. ಹರೀಬ್ಯಾಡ ಮತ್ತ, ಹರಿಯೂದ್ರಾಗ ನಿನ್ನ ಕೈ ಜೋರು."

ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಒದ್ದೆ ಪಟ್ಟಿ ಬಿಚ್ಚಿ, ಆ ದಿನದ ಒಂದು ಬೆರಳಷ್ಟನ್ನು ಮೆಲ್ಲಗೆ ಸುತ್ತಿದೆ. ಹರಿಯಲಿಲ್ಲ. ಹೊಸ ಪಟ್ಟಿ ಕಟ್ಟಿ, ಅವಳು ಕೊಟ್ಟ ನೀರು ಕುಡಿದು, ದೇವದುರ್ಗಕ್ಕೆ ಸೈಕಲ್ ತುಳಿದೆ.

ಗುಮಾಸ್ತ ಮಸಿ ಕುಡಿಕೆ ಮುಂದಕ್ಕೆ ತಳ್ಳಿ ಸಹಿಯ ಜಾಗ ತೋರಿಸಿದ. ನಾನು ಅರ್ಜಿಯನ್ನು ಬೋರಲು ಹಾಕಿ, ಅದರ ಬೆನ್ನ ಮೇಲೆ ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲಿ ಬರೆದೆ: "ಮೂರು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ತಪ್ಪಾಯಿತು. ಇನ್ನು ಮುಂದೆ ಹಾಗೆ ಮಾಡುವುದಿಲ್ಲ."

ಕೆಳಗೆ ಸಹಿ ಹಾಕಿದೆ. ಆಮೇಲೆ, ಯಾಕೋ ಅದು ಸಾಲದು ಅನಿಸಿ, ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು ಹೆಸರಿನ ಪಕ್ಕದಲ್ಲಿ ಒತ್ತಿ ಎದ್ದು ಬಂದೆ.